ಹ್ಯಾರಿಯೆಟ್ ಟಬ್ಮನ್: 19 ಸಲ, 300 ಜನ ಅನ್ನುವ ಲೆಕ್ಕ ಸರಿಯೇ? ಒಂದು ಪಯಣ ನಿಜಕ್ಕೂ ಹೇಗೆ ನಡೆಯುತ್ತಿತ್ತು?

ಗೋಡೆಪತ್ರಿಕೆ:
ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಯ ಗೋಡೆಪತ್ರಿಕೆಗೆ, ಅಮೆರಿಕದ ಗುಲಾಮಗಿರಿಯಿಂದ ತಾವೂ ಪಾರಾಗಿ, ಮತ್ತೆ ಮತ್ತೆ ಹಿಂದಿರುಗಿ ಬೇರೆಯವರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್ ಬಗ್ಗೆ ಎರಡು ಹಾಳೆ ಬರೆಯಬೇಕಿದೆ. ಕಣ್ಣಿಗೆ ಬಿದ್ದ ಬರಹಗಳೆಲ್ಲ ಒಂದನ್ನು ನೋಡಿ ಇನ್ನೊಂದು ಬರೆದ ಹಾಗಿವೆ: 19 ಸಲ ಹೋದರು, 300 ಜನರನ್ನು ಬಿಡಿಸಿದರು, ತಲೆಗೆ 40,000 ಡಾಲರ್ ಇನಾಮು ಇತ್ತು. ಇದಕ್ಕೆ ಆಧಾರ ಇದೆಯೇ? ಓದು ಬರಹ ಬಾರದವರು ರಾತ್ರಿ ಹೊತ್ತು ನೂರೈವತ್ತು ಕಿಲೋಮೀಟರ್ ಜನರನ್ನು ನಡೆಸಿಕೊಂಡು ಹೋದದ್ದು ಹೇಗೆ ಎಂದು ಯಾರೂ ಬಿಡಿಸಿ ಬರೆದಿಲ್ಲ. ‘ಭೂಗತ ರೈಲು’ ಅಂದರೆ ಸುರಂಗದ ರೈಲು ಎಂದೇ ಮಕ್ಕಳು ತಿಳಿದಿದ್ದಾರೆ. ಕೌದಿಯ ಚಿತ್ತಾರದಲ್ಲಿ ದಾರಿಯ ಗುರುತು ಹೊಲಿಯುತ್ತಿದ್ದರು ಅನ್ನುವುದು ನಿಜವೇ? ಇನ್ನೊಂದು ಮಾತು, ‘ಜೀತ’ ಎಂಬ ಪದ ಇಲ್ಲಿ ಬಳಸಬಹುದೇ?

ಹಳೆಕಡತ:
ಆ ಮೂರೂ ಅಂಕಿಗಳನ್ನು ಕೈಬಿಡಿ. ದಾಖಲೆಗಳಿಂದ ನಿಲ್ಲುವ ಲೆಕ್ಕ ಇಷ್ಟು: 1850ರ ಡಿಸೆಂಬರ್‌ನಿಂದ 1860ರ ಡಿಸೆಂಬರ್‌ವರೆಗೆ ಸುಮಾರು 13 ಪಯಣ, ಸುಮಾರು 70 ಜನ. ಇದರ ಮೇಲೆ ಇನ್ನೂ 70ರಷ್ಟು ಜನಕ್ಕೆ ದಾರಿ, ಮನೆ, ನಂಬಬಹುದಾದವರು ಯಾರು ಎಂಬುದನ್ನು ಹೇಳಿಕೊಟ್ಟರು, ಅವರು ತಾವೇ ನಡೆದು ಪಾರಾದರು. 1850ರ ದಶಕದ ಕೊನೆಯಲ್ಲಿ ಸಭೆಗಳಲ್ಲಿ ಆಕೆ ತಾವೇ ಹೇಳುತ್ತಿದ್ದದ್ದು ಎಂಟೊಂಬತ್ತು ಸಲ, 50-60 ಜನ ಎಂದು. ಅದಾದ ಮೇಲೂ ಹೋದದ್ದನ್ನು ಸೇರಿಸಿದರೆ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ. 19 ಮತ್ತು 300, ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಬಂದ ಮೊದಲ ಜೀವನಚರಿತ್ರೆಯ ಅಂಕಿಗಳು. ಆಕೆಗೆ ಹಣ ಕೂಡಿಸಲೆಂದೇ ಆ ಪುಸ್ತಕವನ್ನು ಅವಸರದಲ್ಲಿ ಬರೆದರು.

40,000 ಡಾಲರ್ ಹುಟ್ಟಿದ್ದು 1867ರ ಒಂದು ಪತ್ರಿಕಾ ಪತ್ರದಲ್ಲಿ. ಆಕೆಗೆ ಪಿಂಚಣಿ ಸಿಗಲಿ ಎಂದು ಬರೆದ ಪತ್ರ ಅದು, ಉದ್ದೇಶ ಒಳ್ಳೆಯದೇ. ಆದರೆ ಹೋಲಿಸಿ ನೋಡಿ: 1865ರಲ್ಲಿ ಲಿಂಕನ್‌ರನ್ನು ಕೊಂದ ಬೂತ್‌ನನ್ನು ಹಿಡಿದುಕೊಟ್ಟವರಿಗೆ ಸರ್ಕಾರ ಘೋಷಿಸಿದ್ದು 50,000. ಮೇರಿಲ್ಯಾಂಡಿನ ಒಂದು ಜಿಲ್ಲೆಯ ಜಮೀನುದಾರರು ಒಬ್ಬ ಹೆಂಗಸಿಗಾಗಿ ಅದರ ಹತ್ತಿರ ಹತ್ತಿರ ಹಣ ಹೊಂದಿಸುತ್ತಿದ್ದರೇ? ತಮ್ಮ ಆಳುಗಳನ್ನು ಕರೆದೊಯ್ಯುತ್ತಿರುವುದು 1849ರಲ್ಲಿ ಓಡಿಹೋದ ಮಿಂಟಿಯೇ (ಹ್ಯಾರಿಯೆಟ್‌ರನ್ನು ಆಗ ಕರೆಯುತ್ತಿದ್ದ ಹೆಸರು) ಎಂಬ ಸುಳಿವೂ ಅವರಿಗೆ ಸಿಕ್ಕಂತಿಲ್ಲ.

ನಿಜವಾದ ಇನಾಮಿನ ಜಾಹೀರಾತು ಒಂದು ಉಳಿದಿದೆ, ಗೋಡೆಪತ್ರಿಕೆಗೆ ಅದನ್ನೇ ಹಾಕಿ. 1849ರ ಅಕ್ಟೋಬರ್ 3ರ ದಿನಾಂಕ. ಒಡತಿ ಎಲೈಜಾ ಬ್ರೋಡೆಸ್ ಕೊಟ್ಟದ್ದು. ಸೆಪ್ಟೆಂಬರ್ 17ರ ಸೋಮವಾರ ಮೂವರು ಓಡಿಹೋಗಿದ್ದಾರೆ: ಹ್ಯಾರಿ, ವಯಸ್ಸು 19, ಕುತ್ತಿಗೆಯ ಒಂದು ಬದಿ ಗಂಟಿದೆ; ಬೆನ್, 25, ಮಾತಾಡಿಸಿದರೆ ಥಟ್ಟನೆ ಉತ್ತರ ಕೊಡುತ್ತಾನೆ; ಮಿಂಟಿ, ಸುಮಾರು 27, ಕಂದು ಬಣ್ಣ, ನೋಡಲು ಲಕ್ಷಣ, ಎತ್ತರ ಐದು ಅಡಿ. ರಾಜ್ಯದ ಹೊರಗೆ ಹಿಡಿದರೆ ತಲೆಗೆ ನೂರು ಡಾಲರ್, ಒಳಗೇ ಹಿಡಿದರೆ ಐವತ್ತು. ಆ ಐದಡಿಯ ಮಿಂಟಿಯೇ ಹ್ಯಾರಿಯೆಟ್. ಹುಟ್ಟುಹೆಸರು ಅರಾಮಿಂಟಾ ರಾಸ್. ಹುಟ್ಟಿದ್ದು 1822ರ ಮಾರ್ಚ್ ಸುಮಾರಿಗೆ, ಮೇರಿಲ್ಯಾಂಡಿನ ಡಾರ್ಚೆಸ್ಟರ್ ಜಿಲ್ಲೆಯಲ್ಲಿ. ತಾಯಿ ರಿಟ್‌ಳ ಹೆರಿಗೆಗೆ ಸೂಲಗಿತ್ತಿಗೆ 2 ಡಾಲರ್ ಕೊಟ್ಟ ಲೆಕ್ಕದ ಸಾಲೊಂದು ಸಿಕ್ಕಿದ್ದರಿಂದ ಈ ವರ್ಷ ಗೊತ್ತಾಯಿತು. 1820 ಎಂದು ಬರೆದ ಹಳೆಯ ಬರಹಗಳನ್ನು ತಿದ್ದಿಕೊಳ್ಳಿ.

ಕೌದಿಯ ಕಥೆಯನ್ನು ಬಿಡಿ. ಅದು ಹಬ್ಬಿದ್ದು 1999ರಲ್ಲಿ ಬಂದ ಒಂದು ಪುಸ್ತಕದಿಂದ; ಓಡಿಬಂದವರು ಯಾರೂ ತಮ್ಮ ಹೇಳಿಕೆಗಳಲ್ಲಿ ಅಂಥ ಗುರುತಿನ ಮಾತೆತ್ತಿಲ್ಲ. ಹ್ಯಾರಿಯೆಟ್ ಬದುಕಿನಲ್ಲಿ ಕೌದಿ ಬರುವುದು ಬೇರೆ ರೀತಿ: 1849ರಲ್ಲಿ ಮೊದಲು ಸಹಾಯ ಮಾಡಿದ ಬಿಳಿ ಹೆಂಗಸಿಗೆ, ಕೊಡಲು ಬೇರೇನೂ ಇಲ್ಲದೆ, ತಾವೇ ತುಂಡು ಕೂಡಿಸಿ ಹೊಲಿದ ಕೌದಿ ಕೊಟ್ಟು ಹೊರಟರು.

ಹೊಳೆದಂಡೆ:
ದಾರಿಯ ವಿಷಯ ನಾನು ಬರೆಯುತ್ತೇನೆ. ಮೊದಲು ‘ರೈಲು’ ಏನೆಂದು ಮಕ್ಕಳಿಗೆ ಸ್ಪಷ್ಟ ಮಾಡಿ. ಹಳಿ ಇಲ್ಲ, ಸುರಂಗ ಇಲ್ಲ. ಗುಲಾಮರು ಓಡಿಹೋಗಲು ನೆರವಾಗುತ್ತಿದ್ದವರ ಜಾಲಕ್ಕೆ ಅದು ಗುಟ್ಟಿನ ಹೆಸರು. ಅಡಗಿಸಿಕೊಳ್ಳುವ ಮನೆ ‘ಸ್ಟೇಷನ್’, ಓಡಿಬಂದವರು ‘ಪ್ಯಾಸೆಂಜರ್’, ದಾರಿ ತೋರಿಸುವವರು ‘ಕಂಡಕ್ಟರ್’. ನಮ್ಮಲ್ಲಿ ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವವರು ತಾನೇ, ಅದಕ್ಕೇ ಒಂದು ಸಾಲಿನ ವಿವರಣೆ ಬೇಕೇ ಬೇಕು.

ಈಗ ನಕ್ಷೆ ಬಿಡಿಸಿಕೊಳ್ಳಿ. ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆ, ಜೌಗು ನೆಲ. ಅಲ್ಲಿ ಚಾಪ್‌ಟ್ಯಾಂಕ್ ಎಂಬ ಹೊಳೆ ಈಶಾನ್ಯದಿಂದ ಬಂದು ಕೊಲ್ಲಿ ಸೇರುತ್ತದೆ. ಅಂದರೆ ಹೊಳೆಯ ದಂಡೆ ಹಿಡಿದು ಹರಿವಿಗೆ ಎದುರಾಗಿ ನಡೆದರೆ ತಾನಾಗಿಯೇ ಡೆಲವೇರ್ ಗಡಿ ಸಿಗುತ್ತದೆ. ಅಲ್ಲಿಂದ ಸ್ಯಾಂಡ್‌ಟೌನ್, ಕ್ಯಾಮ್ಡೆನ್, ಡೋವರ್, ಸ್ಮಿರ್ನಾ, ಬ್ಲ್ಯಾಕ್‌ಬರ್ಡ್ ಹಾದು ಕಾಲುವೆ ದಾಟಿದರೆ ವಿಲ್ಮಿಂಗ್ಟನ್. ಅದರಾಚೆ ಪೆನ್ಸಿಲ್ವೇನಿಯಾ, ಅಲ್ಲಿ ಗುಲಾಮಗಿರಿ ಇಲ್ಲ. ಮೋಡ ಇಲ್ಲದ ರಾತ್ರಿ ಧ್ರುವ ನಕ್ಷತ್ರ, ಮೋಡ ಕವಿದರೆ ಹೊಳೆಯ ದಂಡೆ. ಓದು ಬಾರದಿದ್ದರೂ ಈ ನೆಲವನ್ನು ಆಕೆ ಅಕ್ಷರ ಅಕ್ಷರ ಓದಬಲ್ಲವರಾಗಿದ್ದರು. ಆರೇಳು ವರ್ಷಕ್ಕೇ ನೀರಿಲಿಗೆ ಒಡ್ಡಿದ ಬೋನುಗಳನ್ನು ಚಳಿಗಾಲದ ಜೌಗಿನಲ್ಲಿ ಇಳಿದು ನೋಡಿ ಬರುವ ಕೆಲಸಕ್ಕೆ ಹಾಕಿದ್ದರು. ದೊಡ್ಡವರಾದ ಮೇಲೆ ತಂದೆ ಬೆನ್ ರಾಸ್ ಜೊತೆ ಮರ ಕಡಿದು, ಎತ್ತು ಹೂಡಿ ದಿಮ್ಮಿ ಸಾಗಿಸಿದರು. ದಿಮ್ಮಿ ಹೋಗುವುದು ಹೊಳೆಗೆ, ಅಲ್ಲಿ ಬಾಲ್ಟಿಮೋರ್‌ವರೆಗೆ ದೋಣಿ ನಡೆಸುವ ಕಪ್ಪು ನಾವಿಕರು ಸಿಗುತ್ತಿದ್ದರು. ಯಾವ ಊರಲ್ಲಿ ಯಾರು ನಂಬಿಗಸ್ತರು ಎಂಬ ಸುದ್ದಿ ಹರಿದು ಬರುತ್ತಿದ್ದದ್ದು ಅವರ ಬಾಯಿಂದ.

ಕಾಲ: ಹೆಚ್ಚಾಗಿ ಶರತ್ಕಾಲದ ಕೊನೆ ಮತ್ತು ಚಳಿಗಾಲ. ರಾತ್ರಿ ಉದ್ದ, ಜನ ಬೇಗ ಬಾಗಿಲು ಹಾಕಿಕೊಳ್ಳುತ್ತಾರೆ. ವಾರ: ಶನಿವಾರ ಸಂಜೆ. ಭಾನುವಾರ ಕೆಲಸವಿಲ್ಲ, ಯಾರು ಕಾಣೆಯಾದರು ಎಂದು ತಿಳಿಯುವುದೇ ಸೋಮವಾರ, ಜಾಹೀರಾತು ಅಚ್ಚಿಗೆ ಹೋಗುವುದು ಅದಾದ ಮೇಲೆ. ತೋಟದೊಳಗೆ ಆಕೆ ಕಾಲಿಡುತ್ತಿರಲಿಲ್ಲ. ದೂರದ ಒಂದು ಗುರುತಿನ ಜಾಗಕ್ಕೆ ಬರಲು ಹೇಳಿಕಳಿಸುತ್ತಿದ್ದರು. ದಕ್ಷಿಣಕ್ಕೆ ಬರುವಾಗ ನಿಜವಾದ ರೈಲಿನಲ್ಲೇ ರಾಜಾರೋಷವಾಗಿ ಬಂದದ್ದೂ ಉಂಟು. ದಕ್ಷಿಣದ ಕಡೆ ಹೋಗುತ್ತಿರುವ ಕಪ್ಪು ಹೆಂಗಸು ಓಡಿಹೋಗುತ್ತಿದ್ದಾಳೆ ಎಂದು ಯಾರು ಅನುಮಾನಪಡುತ್ತಾರೆ? ಖರ್ಚಿನ ಹಣ ಬಹುಪಾಲು ಫಿಲಡೆಲ್ಫಿಯಾದಲ್ಲೂ ನ್ಯೂಜೆರ್ಸಿಯ ಕೇಪ್ ಮೇನಲ್ಲೂ ಅಡುಗೆ, ಮನೆಗೆಲಸ ಮಾಡಿ ಉಳಿಸಿದ್ದು.

ಕಾಗದದ ಕೆಲಸ ಹೇಗೆ ಮಾಡಿಸುತ್ತಿದ್ದರು ಎಂಬುದಕ್ಕೆ 1854ರ ಕ್ರಿಸ್‌ಮಸ್ ನೋಡಿ. ಮೂವರು ತಮ್ಮಂದಿರನ್ನು... ಅಲ್ಲ, ತಪ್ಪಾಯಿತು, ರಾಬರ್ಟ್ ಅಣ್ಣ, ಬೆನ್ ಮತ್ತು ಹೆನ್ರಿ (ಜಾಹೀರಾತಿನ ಹ್ಯಾರಿ) ತಮ್ಮಂದಿರು. ಈ ಮೂವರನ್ನು ಡಿಸೆಂಬರ್ 26ರಂದು ಮಾರುವುದೆಂದು ಗೊತ್ತಾಗಿತ್ತು. ಹ್ಯಾರಿಯೆಟ್ ಬೇರೆಯವರಿಂದ ಒಂದು ಪತ್ರ ಬರೆಸಿ, ಓದು ಬಲ್ಲ ಸ್ವತಂತ್ರ ಕಪ್ಪು ರೈತ ಜೇಕಬ್ ಜಾಕ್ಸನ್‌ಗೆ ಕಳಿಸಿದರು. ಸಹಿ ಮಾತ್ರ ಜಾಕ್ಸನ್‌ನ ಸಾಕುಮಗನದ್ದು. ಒಳಗೆ: ಮುದುಕರಿಗೆ ಈ ಪತ್ರ ಓದಿ ಹೇಳು, ನನ್ನ ಸಹೋದರರು ಪ್ರಾರ್ಥನೆಯಲ್ಲಿ ಎಚ್ಚರವಾಗಿರಲಿ, ಜಿಯಾನ್ ಎಂಬ ಹಳೆಯ ಹಡಗು ಬಂದಾಗ ಹತ್ತಲು ಸಿದ್ಧರಿರಲಿ; ಅಂದರೆ ನಾನು ಬರುತ್ತಿದ್ದೇನೆ, ಓಡಲು ತಯಾರಾಗಿರಿ ಎಂದು. ಅಂಚೆ ಕಚೇರಿಯಲ್ಲಿ ಬಿಳಿಯರು ಒಡೆದು ಓದಿದರು, ಆ ಸಾಕುಮಗನಿಗೆ ಮುದುಕರೂ ಇಲ್ಲ, ಸಹೋದರರೂ ಇಲ್ಲ, ಏನೂ ಅರ್ಥವಾಗಲಿಲ್ಲ. ಜಾಕ್ಸನ್‌ನನ್ನು ಕರೆಸಿದರು. ಆತ ಒಮ್ಮೆ ಓದಿದ, ಇದು ನನಗೆ ಬಂದದ್ದಲ್ಲ, ತಲೆಬುಡ ತಿಳಿಯುತ್ತಿಲ್ಲ ಎಂದು ಹಿಂದಕ್ಕೆ ಕೊಟ್ಟ. ನೆಟ್ಟಗೆ ಹೋಗಿ ಸಹೋದರರಿಗೆ ಸುದ್ದಿ ಮುಟ್ಟಿಸಿದ.

ಅವರು ಪಾಪ್ಲರ್ ನೆಕ್‌ನಲ್ಲಿದ್ದ ತಂದೆತಾಯಿಯ ಗುಡಿಸಲ ಹತ್ತಿರ, ಮೇವಿನ ಕೊಟ್ಟಿಗೆಯಲ್ಲಿ ಅಡಗಿದರು. ತಂದೆ ಊಟ ತಂದು ಬಾಗಿಲಲ್ಲಿಟ್ಟರು, ಒಳಗೆ ಕಣ್ಣು ಹಾಯಿಸಲಿಲ್ಲ. ಬೀಳ್ಕೊಡಲು ಜೊತೆ ನಡೆದಾಗ ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು ನಡೆದರು. ನಾಳೆ ಯಾರಾದರೂ ಕೇಳಿದರೆ ‘ಮಕ್ಕಳನ್ನು ಕಂಡಿಲ್ಲ’ ಎಂದು ಸುಳ್ಳಿಲ್ಲದೆ ಹೇಳಬೇಕಲ್ಲ. ತಾಯಿಗೆ ಮಾತ್ರ ಹೇಳಲಿಲ್ಲ, ದುಃಖ ತಡೆಯಲಾರದೆ ಜೋರಾಗಿ ಅತ್ತುಬಿಟ್ಟಾರು ಎಂದು. ಆಕೆ ಗಂಡುಮಕ್ಕಳು ಹಬ್ಬದೂಟಕ್ಕೆ ಬರುತ್ತಾರೆಂದು ಮತ್ತೆ ಮತ್ತೆ ಹೊರಬಂದು ದಾರಿ ನೋಡುತ್ತಿದ್ದರು; ಮಕ್ಕಳು ಹಲಗೆಯ ಸಂದಿನಿಂದ ಅಮ್ಮನನ್ನು ನೋಡುತ್ತ ಕೂತಿದ್ದರು.

ಡಿಸೆಂಬರ್ 29ಕ್ಕೆ ಎಲ್ಲರೂ ಫಿಲಡೆಲ್ಫಿಯಾದಲ್ಲಿ, ಓಡಿಬಂದವರಿಗೆ ನೆರವಾಗಿ ಅವರ ಹೇಳಿಕೆ ಬರೆದಿಡುತ್ತಿದ್ದ ವಿಲಿಯಂ ಸ್ಟಿಲ್ ಅವರ ಕಚೇರಿ ತಲುಪಿದರು. ವಿಲ್ಮಿಂಗ್ಟನ್ನಿನ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್ ಆ ಗುಂಪಿನ ಬಗ್ಗೆ ಬರೆದ ಪತ್ರ ಉಳಿದಿದೆ: ಹ್ಯಾರಿಯೆಟ್ ಮತ್ತು ಒಬ್ಬ ಗಂಡಸಿನ ಬೂಟು ನಡೆದೂ ನಡೆದೂ ಕಾಲಿಂದ ಕಳಚಿಹೋಗಿದ್ದವು, ಅದಕ್ಕೆಂದು ಎರಡು ಡಾಲರ್ ಕೊಟ್ಟೆ, ಮುಂದಕ್ಕೆ ಗಾಡಿಯನ್ನೂ ಗೊತ್ತುಮಾಡಿದೆ ಎಂದು.

ಗೋಡೆಪತ್ರಿಕೆ:
ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ತುಂಬಾ ಧನ್ಯವಾದ. ಹಸುಗೂಸುಗಳಿದ್ದರೆ ಅಳು ಹೇಗೆ ತಡೆಯುತ್ತಿದ್ದರು? ಎಲ್ಲ ಪಯಣವೂ ಸುಸೂತ್ರವಾಗಿ ನಡೆಯಿತೇ? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ.

ಮಾಗಿ:
ಕೂಸುಗಳಿಗೆ ಅಫೀಮು ಬೆರೆತ ಔಷಧಿಯ ಹನಿ ಕುಡಿಸಿ ಮಲಗಿಸುತ್ತಿದ್ದರು. ಆ ಕಾಲದಲ್ಲಿ ಹೊಟ್ಟೆನೋವಿಗೆ ಅಂಗಡಿಯಲ್ಲೇ ಸಿಗುತ್ತಿದ್ದ ಮದ್ದು ಅದು. ಇಂದು ಕೂಸಿಗೆ ಅದು ಪ್ರಾಣಾಪಾಯ ಎಂದು ಒಂದು ಮಾತು ಸೇರಿಸಿ ಬರೆಯಿರಿ.

ಸುಸೂತ್ರ ಅನ್ನುವಂತಿಲ್ಲ. ಮೊದಲ ಪ್ರಯತ್ನವೇ ಮುರಿದುಬಿತ್ತು: 1849ರ ಸೆಪ್ಟೆಂಬರ್‌ನಲ್ಲಿ ಜೊತೆಗಿದ್ದ ತಮ್ಮಂದಿರು ಹೆದರಿ ಹಿಂದಿರುಗಿದರು, ಅಕ್ಕನನ್ನೂ ಎಳೆದುಕೊಂಡು ಬಂದರು. ಆಕೆ ಮತ್ತೆ ಹೊರಟದ್ದು ಒಬ್ಬರೇ. 1851ರಲ್ಲಿ ಗಂಡ ಜಾನ್ ಟಬ್ಮನ್‌ನನ್ನು ಕರೆತರಲು ಹೋದರೆ ಆತ ಬೇರೆ ಹೆಂಗಸಿನ ಜೊತೆ ಸಂಸಾರ ಹೂಡಿದ್ದ, ಬರಲು ಒಪ್ಪಲಿಲ್ಲ. ಬರಿಗೈಲಿ ಮರಳದೆ, ಬರಲು ಸಿದ್ಧರಿದ್ದ ಬೇರೆಯವರನ್ನು ಕರೆದುಕೊಂಡು ಹೊರಟರು.

ದೊಡ್ಡ ಅಪಾಯ ಆಕೆಯ ದೇಹದಲ್ಲೇ ಇತ್ತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬಕ್‌ಟೌನಿನ ಅಂಗಡಿಯಲ್ಲಿ ಮೇಸ್ತ್ರಿಯೊಬ್ಬ ಓಡುತ್ತಿದ್ದ ಹುಡುಗನ ಮೇಲೆ ಎಸೆದ ಎರಡು ಪೌಂಡಿನ ತೂಕದ ಬಟ್ಟು ಈಕೆಯ ತಲೆಗೆ ಬಡಿಯಿತು. ಅಂದರೆ ಸುಮಾರು 900 ಗ್ರಾಂ ಕಬ್ಬಿಣ. ಎಂದೂ ಬಾಚದೆ ಬುಟ್ಟಿಯ ಹಾಗೆ ನಿಂತಿದ್ದ ಕೂದಲೇ ತನ್ನ ಜೀವ ಉಳಿಸಿತು ಎಂದು ಆಕೆ ಮುಂದೆ ಹೇಳಿದ್ದಾರೆ. ಅಂದಿನಿಂದ ಕೊನೆಯವರೆಗೂ, ಮಾತಿನ ನಡುವೆ, ನಡಿಗೆಯ ನಡುವೆ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುತ್ತಿದ್ದರು. ಆಗ ಗುಂಪೆಲ್ಲ ಪೊದೆಯಲ್ಲಿ ಉಸಿರು ಬಿಗಿಹಿಡಿದು ಆಕೆ ಏಳುವವರೆಗೆ ಕಾಯಬೇಕು. ದಾರಿ ಗೊತ್ತಿದ್ದದ್ದು ಆಕೆಗೊಬ್ಬರಿಗೇ.

ಎರಡನೇ ಅಪಾಯ, ನಡುದಾರಿಯಲ್ಲಿ ಹಿಂದಿರುಗುತ್ತೇನೆ ಅನ್ನುವವರು. ಹಿಂದಿರುಗಿದವನನ್ನು ಹೊಡೆದು ಬಡಿದು ಪ್ರತಿ ಮನೆಯ ಹೆಸರನ್ನೂ ಬಾಯಿ ಬಿಡಿಸುತ್ತಾರೆ. ಅದಕ್ಕೇ ಆಕೆಯ ಬಳಿ ಪಿಸ್ತೂಲು ಇತ್ತು. ಮುಂದೆ ನಡೆ, ಇಲ್ಲವೇ ಇಲ್ಲೇ ಸಾಯಿ ಎಂದು ಹಿಡಿದಾಗ ಎಲ್ಲರೂ ನಡೆದರು. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ.

ಮೂರನೆಯದು, ನಂಬಿದ ಮನೆಯೇ ಕೈಕೊಡುವುದು. ಒಂದು ಸಲ ಮಳೆಯಲ್ಲಿ ಬಂದು ಗೊತ್ತಿದ್ದ ಬಾಗಿಲು ತಟ್ಟಿದರೆ ಕಿಟಕಿ ತೆಗೆದದ್ದು ಅಪರಿಚಿತ ಬಿಳಿಯ. ಮೊದಲಿದ್ದ ಗೆಳೆಯನನ್ನು ಓಡಿಬಂದವರಿಗೆ ಆಸರೆ ಕೊಟ್ಟನೆಂದು ಊರು ಬಿಡಿಸಿದ್ದರು. ಬೆಳಕು ಹರಿಯುವ ಮುಂಚೆ ಗುಂಪನ್ನು ಜೌಗಿನ ಒದ್ದೆ ಹುಲ್ಲಿನಲ್ಲಿ ಮಲಗಿಸಿ ದಿನವಿಡೀ ಕಾದರು. ಸಂಜೆ ಒಬ್ಬ ಕ್ವೇಕರ್ (ಗುಲಾಮಗಿರಿ ಒಪ್ಪದ ಒಂದು ಕ್ರೈಸ್ತ ಪಂಥದವ) ದಂಡೆಯಲ್ಲಿ ತನ್ನಷ್ಟಕ್ಕೆ ಗೊಣಗಿಕೊಂಡು ನಡೆದುಹೋದ: ನನ್ನ ಗಾಡಿ ಪಕ್ಕದ ತೋಟದಂಗಳದಲ್ಲಿದೆ, ಕುದುರೆ ಲಾಯದಲ್ಲಿದೆ, ಗಾಡಿ ಹೂಡುವ ಸಜ್ಜು ಮೊಳೆಗೆ ನೇತುಹಾಕಿದೆ.

1856ರ ನವೆಂಬರ್‌ದೂ ಹೇಳಲೇಬೇಕು. ಜೋ ಬೇಲಿ ಎಂಬಾತನ ತಲೆಗೆ 1,500 ಡಾಲರ್ ಇನಾಮು ಕಟ್ಟಿದ್ದರು, ವಿಲ್ಮಿಂಗ್ಟನ್ ಸೇತುವೆಯ ಮೇಲೆ ಪೊಲೀಸರು ನಿಂತಿದ್ದರು. ಗ್ಯಾರೆಟ್ ಎರಡು ಗಾಡಿ ತುಂಬ ಇಟ್ಟಿಗೆ ಕಟ್ಟುವ ಗಾರೆಯವರನ್ನು ಕೂರಿಸಿ, ಹಾಡುತ್ತ ಕೂಗುತ್ತ ಸೇತುವೆ ದಾಟಿ ಹೋಗಿ ಬನ್ನಿ ಅಂದರು. ಕೆಲಸದವರು ಹೋದದ್ದನ್ನು ಕಾವಲಿನವರು ನೋಡಿದರು. ಕತ್ತಲಾದ ಮೇಲೆ ಅದೇ ಗದ್ದಲ ಹಿಂದಿರುಗಿತು, ಯಾರೂ ತಡೆಯಲಿಲ್ಲ. ಗಾಡಿಯ ತಳದಲ್ಲಿ ಜೋ ಮತ್ತು ಉಳಿದವರು ಮಲಗಿದ್ದರು.

ಗೆಲ್ಲಲಾಗದೇ ಹೋದದ್ದು ತಂಗಿ ರೇಚಲ್ ವಿಷಯ. ಹತ್ತು ವರ್ಷ ಪ್ರಯತ್ನಿಸಿದರು. ರೇಚಲ್ ತನ್ನ ಇಬ್ಬರು ಮಕ್ಕಳನ್ನು ಬಿಟ್ಟು ಬರಲೊಪ್ಪುತ್ತಿರಲಿಲ್ಲ, ಮಕ್ಕಳನ್ನು ಬೇರೆ ಕಡೆ ಇಟ್ಟಿದ್ದರು. 1860ರ ಕೊನೆಗೆ ಹೋದಾಗ ರೇಚಲ್ ತೀರಿಕೊಂಡಿದ್ದರು. ಮಕ್ಕಳನ್ನಾದರೂ ತರೋಣವೆಂದರೆ ಲಂಚಕ್ಕೆ 30 ಡಾಲರ್ ಬೇಕಿತ್ತು, ಆಕೆಯ ಬಳಿ ಇರಲಿಲ್ಲ. ಆ ಮಕ್ಕಳು, ಬೆನ್ ಮತ್ತು ಆಂಜರೀನ್, ಅಲ್ಲೇ ಉಳಿದರು. ಆ ಸಲ ಕರೆತಂದದ್ದು ಎನ್ನಲ್ಸ್ ಕುಟುಂಬವನ್ನು: ಗಂಡ, ಹೆಂಡತಿ, ಆರು ಮತ್ತು ನಾಲ್ಕು ವರ್ಷದ ಇಬ್ಬರು ಹುಡುಗಿಯರು, ಮೂರು ತಿಂಗಳ ಕೂಸು. ಅದೇ ಕೊನೆಯ ಪಯಣ. ತನ್ನ ಜೊತೆ ಹೊರಟ ಒಬ್ಬರೂ ಸಿಕ್ಕಿಬೀಳಲಿಲ್ಲ ಎಂದು ಆಕೆ ಹೇಳಿದ್ದು ನಿಜ. ಅದರ ಪಕ್ಕದಲ್ಲೇ ಈ 30 ಡಾಲರ್ ಕೂಡ ಇರಲಿ.

ಪದಾರ್ಥ:
‘ಜೀತ’ ಬೇಡ, ‘ಗುಲಾಮಗಿರಿ’ ಬಳಸಿ. ನಮ್ಮ ಜೀತ ನಿಂತಿರುವುದು ಸಾಲದ ಮೇಲೆ; 1976ರ ಕಾಯಿದೆ ರದ್ದು ಮಾಡಿದ್ದೂ ಆ ಸಾಲವನ್ನೇ. ಅಲ್ಲಿ ಸಾಲವೇ ಇಲ್ಲ. ಮನುಷ್ಯರೇ ಆಸ್ತಿ, ಆಸ್ತಿಯ ಹಕ್ಕು ಹೊಟ್ಟೆಯಿಂದ ಬರುತ್ತದೆ: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರಾದರೂ ಸರಿ. ಹ್ಯಾರಿಯೆಟ್ ಮದುವೆಯಾದ ಜಾನ್ ಸ್ವತಂತ್ರನಾಗಿದ್ದರೂ, ಅವರಿಗೆ ಮಕ್ಕಳಾಗಿದ್ದರೆ ಬ್ರೋಡೆಸ್ ಮನೆಯ ಸೊತ್ತು. ತಾಯಿ ರಿಟ್‌ಗೆ 45 ವರ್ಷಕ್ಕೆ ಬಿಡುಗಡೆ ಎಂದು ಹಳೆಯ ಒಡೆಯ ಉಯಿಲು ಬರೆದಿದ್ದ. ಮನೆಯವರು ಅದನ್ನು ಅಡಗಿಸಿದರು. ಹ್ಯಾರಿಯೆಟ್ 5 ಡಾಲರ್ ಕೊಟ್ಟು ವಕೀಲರಿಂದ ಉಯಿಲು ಹುಡುಕಿಸಿದಾಗಲೇ ಅದು ತಿಳಿದದ್ದು. ಕೊನೆಗೆ 1855ರಲ್ಲಿ ಬೆನ್ ರಾಸ್ ತಮ್ಮ ಹೆಂಡತಿಯನ್ನು 20 ಡಾಲರ್ ಕೊಟ್ಟು ಕೊಂಡುಕೊಳ್ಳಬೇಕಾಯಿತು.

ಕೆನಡಾವರೆಗೆ ಏಕೆ ಹೋಗಬೇಕಾಯಿತು ಎಂದೂ ಬರೆಯಿರಿ. 1850ರ ಸೆಪ್ಟೆಂಬರ್ 18ರ ಕಾಯಿದೆಯಿಂದ ಉತ್ತರದ ರಾಜ್ಯಗಳಲ್ಲೂ ಓಡಿಬಂದವರನ್ನು ಹಿಡಿದು ಒಪ್ಪಿಸುವುದು ಮೊದಲಿಗಿಂತ ಸುಲಭವಾಯಿತು. ವಿಚಾರಣೆ ಮಾಡುವ ಕಮಿಷನರ್‌ಗೆ, ಗುಲಾಮನೆಂದು ಒಪ್ಪಿಸಿದರೆ 10 ಡಾಲರ್, ಬಿಟ್ಟರೆ 5. ಆಸರೆ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಹಾಗಾಗಿ ನಯಾಗರದ ಸೇತುವೆ ದಾಟಿ ಸೇಂಟ್ ಕ್ಯಾಥರೀನ್ಸ್‌ವರೆಗೆ ಹೋಗಬೇಕಾಯಿತು.

ತುಂಗೆ:
ಎರಡು ಹಾಳೆಯಲ್ಲಿ ಅರ್ಧ ಹಾಳೆಯಾದರೂ 1863ರ ಜೂನ್ 2ಕ್ಕೆ ಇಡಿ. ಅಂತರ್ಯುದ್ಧದ ಕಾಲ, ಹ್ಯಾರಿಯೆಟ್ ಆಗ ಉತ್ತರದ ಸೇನೆಗೆ ಬೇಹುಗಾರಿಕೆ ಮಾಡುತ್ತಿದ್ದರು. ದಕ್ಷಿಣ ಕರೊಲಿನಾದ ಕಂಬಾಹೀ ಹೊಳೆ, ಎರಡೂ ದಂಡೆಯಲ್ಲಿ ಭತ್ತದ ಗದ್ದೆ. ಕರ್ನಲ್ ಮಾಂಟ್‌ಗಮರಿ, ಸುಮಾರು 300 ಕಪ್ಪು ಸೈನಿಕರು, ಮೂರು ದೋಣಿಹಡಗು. ಒಂದು ಆರಂಭದಲ್ಲೇ ಮರಳಿಗೆ ಸಿಕ್ಕಿ ನಿಂತಿತು. ಹೊಳೆಯಲ್ಲಿ ಸಿಡಿಗುಂಡುಗಳನ್ನು ಎಲ್ಲೆಲ್ಲಿ ಮುಳುಗಿಸಿದ್ದಾರೆ ಎಂದು ಹ್ಯಾರಿಯೆಟ್ ಮತ್ತು ಆಕೆಯ ಬೇಹುಗಾರರು ಅಲ್ಲಿನ ಗುಲಾಮರಿಂದಲೇ ಮೊದಲೇ ತಿಳಿದುಕೊಂಡಿದ್ದರು. ಒಂದೇ ದಿನ 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು, ಹತ್ತು ವರ್ಷದ ಪಯಣಗಳ ಹತ್ತರಷ್ಟು. ಆ ದಿನದ ಚಿತ್ರ ಆಕೆಯೇ ಕೊಟ್ಟಿದ್ದಾರೆ: ಒಲೆಯಿಂದ ಆಗತಾನೆ ಇಳಿಸಿದ, ಇನ್ನೂ ಹಬೆಯಾಡುವ ಅನ್ನದ ಪಾತ್ರೆ ತಲೆಯ ಮೇಲಿಟ್ಟುಕೊಂಡು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಡಗಿನತ್ತ ಓಡಿಬಂದ ತಾಯಿ. ಕೂಸು ಒಂದು ಕೈಯಿಂದ ಅಮ್ಮನ ಹಣೆ ಹಿಡಿದು, ಇನ್ನೊಂದು ಕೈಯಿಂದ ಪಾತ್ರೆಯ ಅನ್ನ ತೆಗೆದು ತಿನ್ನುತ್ತಿತ್ತು. ಕಾಯಿಲೆಯ ಹೆಂಗಸೊಬ್ಬಳ ಎರಡು ಹಂದಿಮರಿಗಳನ್ನು ಎತ್ತಿಕೊಂಡು ಓಡುವಾಗ ಹ್ಯಾರಿಯೆಟ್ ತಮ್ಮ ಉದ್ದ ಲಂಗದ ಮೇಲೆ ಕಾಲಿಟ್ಟು ಬಿದ್ದರು, ಲಂಗ ಚಿಂದಿಯಾಯಿತು. ಇನ್ನು ಇಂಥ ಕೆಲಸಕ್ಕೆ ಉದ್ದ ಲಂಗ ಉಡುವುದಿಲ್ಲ, ಗಿಡ್ಡ ಲಂಗ, ಕೆಳಗೆ ಪೈಜಾಮದಂಥದ್ದು ಕಳಿಸಿ ಎಂದು ಬಾಸ್ಟನ್ನಿಗೆ ಪತ್ರ ಬರೆಸಿದರು.

ಯುದ್ಧದ ಅಷ್ಟೂ ಸೇವೆಗೆ ಸಿಕ್ಕದ್ದು 200 ಡಾಲರ್. ಅದನ್ನೂ ಬಿಡುಗಡೆಯಾದ ಹೆಂಗಸರು ಬಟ್ಟೆ ಒಗೆದು ಸಂಪಾದಿಸಲೆಂದು ಒಂದು ಅಗಸರ ಮನೆ ಕಟ್ಟಿಸಲು ಹಾಕಿದರು. ಪಿಂಚಣಿ ಬಂದದ್ದು 1895ರಲ್ಲಿ, ಎರಡನೇ ಗಂಡ ನೆಲ್ಸನ್ ಡೇವಿಸ್ ಎಂಬ ಸೈನಿಕನ ವಿಧವೆ ಎಂದು ತಿಂಗಳಿಗೆ 8 ಡಾಲರ್. 1899ರಲ್ಲಿ 20ಕ್ಕೆ ಏರಿಸಿದರು. ಗೂಢಚಾರಿಕೆಗೆಂದು ಪಿಂಚಣಿ ಕೊಡಲಿಲ್ಲ. 1913ರ ಮಾರ್ಚ್ 10ರಂದು ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ, ಮುದುಕರಿಗಾಗಿ ತಾವೇ ಮಾಡಿಸಿದ ಆಶ್ರಯಮನೆಯಲ್ಲಿ ತೀರಿಕೊಂಡರು.

ಗೋಡೆಪತ್ರಿಕೆ:
ಹಾಳೆ ಎರಡಲ್ಲ, ನಾಲ್ಕಾಗುತ್ತದೆ, ಆಗಲಿ. ಕೊನೆಯದೊಂದು ಕೋರಿಕೆ. ಮಕ್ಕಳು ರಟ್ಟು, ಕಡ್ಡಿಯಲ್ಲಿ ಒಂದು ಮಾದರಿ ಮಾಡುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಿಸಲಿ?

ಹೊಳೆದಂಡೆ:
1857ರಲ್ಲಿ ತಂದೆತಾಯಿಯನ್ನು ಕರೆತಂದ ಗಾಡಿ ಮಾಡಿಸಿ. ಓಡಿಬಂದ ಎಂಟು ಜನಕ್ಕೆ ಆಸರೆ ಕೊಟ್ಟರೆಂದು ಬೆನ್ ರಾಸ್‌ರನ್ನು ಹಿಡಿಯುವ ಸೂಚನೆ ಇತ್ತು. ಇಬ್ಬರಿಗೂ ಎಪ್ಪತ್ತರ ಆಸುಪಾಸು, ರಾತ್ರಿಯೆಲ್ಲ ನಡೆಯಲಾರರು. ಹಾಗಾಗಿ ಹ್ಯಾರಿಯೆಟ್ ಕೈಗೆ ಸಿಕ್ಕಿದ್ದರಲ್ಲೇ ಗಾಡಿ ಕಟ್ಟಿದರು.

ಬೇಕಾದದ್ದು: ಹಳೆಯ ಬಂಡಿಯ ಎರಡು ಚಕ್ರ, ನಡುವೆ ಒಂದು ಅಚ್ಚು. ಅಚ್ಚಿನ ಮೇಲೆ ಕೂರಲು ಒಂದು ಹಲಗೆ. ಅಚ್ಚಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ಹಲಗೆ, ಕಾಲಿಡಲು. ಮುಂದೆ ಒಂದು ಮುದಿ ಕುದುರೆ, ಅದರ ಕೊರಳಿಗೆ ಚರ್ಮದ್ದಲ್ಲ, ಒಣಹುಲ್ಲು ಹೊಸೆದು ಮಾಡಿದ ಪಟ್ಟಿ. ಮಾದರಿಗೆ ಭತ್ತದ ಹುಲ್ಲು ಹೊಸೆದರೆ ಸಾಕು. ಕಾಲಿನ ಹಲಗೆಯ ಹಗ್ಗ ಎರಡೂ ಬದಿ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ವಾಲುತ್ತದೆ. ಮೇಲೆ ಕಮಾನು, ಪರದೆ ಏನೂ ಕಟ್ಟಿಸಬೇಡಿ, ಇರಲಿಲ್ಲ. ಈ ಗಾಡಿಯಲ್ಲಿ ರೈಲಿನವರೆಗೆ ಹೋಗಿ, ಅಲ್ಲಿಂದ ವಿಲ್ಮಿಂಗ್ಟನ್ ಸೇರಿದರು. ಅಲ್ಲಿ ಗ್ಯಾರೆಟ್ ಕೆನಡಾದ ಖರ್ಚಿಗೆ ಹಣ ಕೊಟ್ಟರು.